ಸೇತುವೆ ದಾಟಿದ ಗಿಡ್ಡ ಜೋಳ

ಪರಿಹಾರದ ಲಾರಿಯಿಂದ ಬಿತ್ತನೆ ಬೀಜ ಇಳಿಯುತ್ತಿದ್ದಾಗ ಊರಿಗೆ ಊರೇ ಸಾಲು ನಿಂತಿತ್ತು. ಬೀಜದಕ್ಕ ಮಾತ್ರ ಸಾಲಿಗೆ ಸೇರದೆ ನೆಟ್ಟಗೆ ಲಾರಿಯ ಹತ್ತಿರ ಹೋಗಿ, ಬಾಯಿ ಬಿಚ್ಚಿದ ಮೂಟೆಯಿಂದ ಒಂದು ಹಿಡಿ ಮೆಕ್ಕೆಜೋಳ ತೆಗೆದು ಮೂಸಿದಳು. ಮುಗ್ಗಲು ವಾಸನೆ. ಇಪ್ಪತ್ತೆರಡು ವರ್ಷ ಸಹಕಾರ ಸಂಘದ ಬೀಜದ ಗೋದಾಮು ನೋಡಿಕೊಂಡ ಮೂಗು ಅದು. ಗಲಭೆಯಲ್ಲಿ ಗೋದಾಮು ಸುಟ್ಟು ಬೂದಿಯಾಯಿತು. ಹೆಸರು ಮಾತ್ರ ಅವಳಿಗೆ ಅಂಟಿಕೊಂಡಿತು.

"ಸಾಹೇಬ್ರೇ, ಇದನ್ನ ಹಂಚಬೇಡಿ. ಹುಟ್ಟಲ್ಲ."

"ಮೂಟೆ ಮೇಲೆ ಮೊಹರು ಇದೆಯಲ್ಲಕ್ಕಾ," ಎಂದರು ಪರಿಹಾರದ ಅಧಿಕಾರಿ.

"ಮೊಹರು ಬಿತ್ತಿದ್ರೆ ಬೆಳೆ ಬರುತ್ತಾ? ನಾಲ್ಕು ದಿನ ಕೊಡಿ. ಹುಟ್ಟಿದ್ರೆ ನಾನೇ ತಲೆ ಮೇಲೆ ಹೊತ್ತು ಮನೆಮನೆಗೂ ಮುಟ್ಟಿಸ್ತೀನಿ."

ನೂರು ಕಾಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಅವರ ಮೇಜಿನ ಮೇಲೆಯೇ ಇಟ್ಟಳು. ನಾಲ್ಕನೆಯ ದಿನ ಬಿಚ್ಚಿದರೆ ಮೊಳಕೆ ಬಂದದ್ದು ಹನ್ನೊಂದು ಕಾಳಿಗೆ ಮಾತ್ರ. ಅಧಿಕಾರಿ ಎರಡು ಸಲ ಎಣಿಸಿದರು. ಒಳ್ಳೆಯ ಮನುಷ್ಯ, ಮುಖ ಸಪ್ಪಗಾಯಿತು.

"ಬೇರೆ ಲಾರಿ ಬರೋಕೆ ಒಂದು ತಿಂಗಳು ಬೇಕು."

ಒಂದು ತಿಂಗಳು ಕಾದರೆ ಹದ ತಪ್ಪುತ್ತಿತ್ತು. ಈಚೆಗೆ ಮಳೆ ತಡವಾಗಿ ಬಂದು ಎರಡೇ ತಿಂಗಳಿಗೆ ಕೈಕೊಡುತ್ತಿತ್ತು. ಎಂಬತ್ತು ದಿನಕ್ಕೆ ತೆನೆ ಕೊಡುವ, ಗಿಡ್ಡ ಜೋಳ ಎಂಬ ಹಳೆಯ ತಳಿಯೇ ಆಗಬೇಕು. ಆ ಬೀಜ ಉಳಿದಿದ್ದರೆ ಹೊಳೆಯಾಚೆಯ ಊರಿನಲ್ಲಿ. ಗಲಭೆಯಾದಂದಿನಿಂದ, ಮೂರು ವರ್ಷದಿಂದ, ಆ ಊರಿಗೂ ಈ ಊರಿಗೂ ಎಣ್ಣೆ ಸೀಗೆಕಾಯಿ. ನಡುವಿನ ಸೇತುವೆಯ ಮೇಲೆ ಮರಳಿನ ಮೂಟೆ, ಬಂದೂಕು ಹಿಡಿದ ಸರ್ಕಾರಿ ಕಾವಲು. ಬೀಜದಕ್ಕನ ಒಡಹುಟ್ಟಿದ ತಂಗಿ ಸೇರಿದ್ದು ಅದೇ ಊರಿನ ಮನೆ.

ಮರುದಿನ ಬೆಳಗ್ಗೆ ಬೀಜದಕ್ಕ ಬರಿಗೈಯಲ್ಲಿ ಸೇತುವೆಗೆ ನಡೆದಳು.

"ಎಲ್ಲಿಗಮ್ಮ?" ಕಾವಲಿನ ಮುಖ್ಯಸ್ಥ ಅಡ್ಡ ನಿಂತ.

"ತಂಗಿ ಹತ್ರ ಬೀಜ ಕೇಳೋಕೆ."

"ಅವ್ರು ಕೊಡ್ತಾರಾ?"

"ಅಳದಿದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲಪ್ಪ. ನಿಮ್ಮನೇಲೂ ಹೊಲ ಇರಬೇಕಲ್ಲ?"

ಇತ್ತು. ಅವನು ಆಚೆ ದಡಕ್ಕೆ ಹೇಳಿಕಳಿಸಿದ. ಮಧ್ಯಾಹ್ನದ ಹೊತ್ತಿಗೆ ತಂಗಿ ಸೇತುವೆಯ ನಡುವಿಗೆ ಬಂದಳು. ತಲೆ ಪೂರ್ತಿ ನರೆತಿತ್ತು.

"ಏನಕ್ಕ, ಇಷ್ಟು ಸೊರಗಿದೀಯ?"

"ನೀನೇನು ಉಬ್ಬಿದೀಯಾ?"

ಇಬ್ಬರೂ ನಕ್ಕರು. ನಗು ಅಳುವಾಯಿತು. ಕಣ್ಣೊರೆಸಿಕೊಂಡು ಬೀಜದಕ್ಕ ಬಂದ ಕೆಲಸ ಕೇಳಿದಳು.

"ಗಿಡ್ಡ ಜೋಳ ಗುಡಾಣ ತುಂಬ ಇದೆ," ಎಂದಳು ತಂಗಿ. "ಉಳೋಕೆ ಎತ್ತೇ ಇಲ್ಲ. ಗಲಭೇಲಿ ಬಂದೂಕು ಹಿಡಿದು ನುಗ್ಗಿದೋರು ಎಲ್ಲಾನೂ ಹೊಡ್ಕೊಂಡು ಹೋದ್ರು."

"ಎತ್ತು ನಾವು ಕೊಡ್ತೀವಿ. ನೀನು ನಿಮ್ಮೋರನ್ನ ಒಪ್ಪಿಸು, ನಾನು ನಮ್ಮೋರನ್ನ ಒಪ್ಪಿಸ್ತೀನಿ."

ಆ ಸಂಜೆ ಊರು ಸೇರಿತು. ಕಮ್ಮಾರ ಸಿಡಿದೆದ್ದ. "ನನ್ನ ತಮ್ಮನ್ನ ಕೊಂದೋರ ಹೊಲಕ್ಕೆ ನನ್ನ ಎತ್ತಾ?"

ಬೀಜದಕ್ಕ ದನಿ ಏರಿಸಲಿಲ್ಲ. "ನಿನ್ನ ಸಂಕಟ ಸಣ್ಣದು ಅನ್ನಲ್ಲಪ್ಪ. ತಮ್ಮನ ಮಕ್ಕಳು ಈ ವರ್ಷ ಏನು ತಿನ್ನಬೇಕು, ಅದೊಂದು ಹೇಳು."

ಅವನು ಎದ್ದು ಹೋದ. ಕೆಲಸ ಕೆಟ್ಟಿತು ಎಂದುಕೊಂಡಳು. ಬೆಳಗ್ಗೆ ಸೇತುವೆಗೆ ಹೋದರೆ ಎಲ್ಲರಿಗಿಂತ ಮೊದಲು ನಿಂತಿದ್ದದ್ದು ಕಮ್ಮಾರನ ಜೋಡಿ ಎತ್ತು. ಪಕ್ಕದಲ್ಲಿ ಹೊಸದಾಗಿ ಬಡಿದ ನೇಗಿಲ ಗುಳ ಹಿಡಿದು ಅವನೂ ಇದ್ದ.

ತಂಗಿಯೂ ತನ್ನವರನ್ನು ಒಪ್ಪಿಸಿದ್ದಳು; ಎತ್ತುಗಳು ಆಚೆ ಹೋದವು, ಅವಳ ಜೊತೆ ಮೂಟೆಗಳು ಈಚೆ ಬಂದವು. ಬೀಜದಕ್ಕ ಅದರಲ್ಲೂ ನೂರು ಕಾಳು ಎಣಿಸಿ ಗೋಣಿತಾಟಿನಲ್ಲಿ ಸುತ್ತಿದಳು.

"ನನ್ನ ಮೇಲೂ ಅನುಮಾನಾನಾ?" ತಂಗಿ ಮುಖ ಊದಿಸಿಕೊಂಡಳು.

"ನಿನ್ನ ಮೇಲಲ್ಲ ಕಣೆ, ಜೋಳದ ಮೇಲೆ."

ತೊಂಬತ್ತನಾಲ್ಕು ಮೊಳೆತವು.

ಮಳೆ ತಡವಾಗಿಯೇ ಬಂತು. ಎರಡೂ ದಡದಲ್ಲಿ ಎಂಟೇ ದಿನಕ್ಕೆ ಬಿತ್ತನೆ ಮುಗಿಯಿತು. ಐವತ್ತೆಂಟನೆಯ ದಿನಕ್ಕೆ ಮಳೆ ನಿಂತಾಗ ತೆನೆಯಲ್ಲಿ ಹಾಲು ತುಂಬಿತ್ತು. ನೆಲದ ಹಸಿಯಲ್ಲೇ ಕಾಳು ಗಟ್ಟಿಯಾಯಿತು.

ಕಮ್ಮಾರ ಆಚೆಯವರೊಂದಿಗೆ ಈಗಲೂ ಮಾತಾಡುವುದಿಲ್ಲ. ಎತ್ತು ಮಾತ್ರ ಕಳಿಸುತ್ತಾನೆ.

ಸುಗ್ಗಿ ಮುಗಿದ ಮೇಲೆ ಅಧಿಕಾರಿ ಬಂದು, ಇನ್ನು ಮುಂದೆ ಎರಡೂ ದಡಕ್ಕೆ ಹಂಚುವ ಬೀಜವನ್ನು ಲಾರಿಗೆ ಏರುವ ಮುಂಚೆಯೇ ಪರೀಕ್ಷೆ ಮಾಡಿಕೊಡಬೇಕೆಂದು ಕೇಳಿದರು.

"ಆಗಲಿ ಸಾಹೇಬ್ರೇ. ಜೊತೆಗೆ ನನ್ನ ತಂಗೀನೂ ಕೂರ್ತಾಳೆ," ಎಂದಳು ಬೀಜದಕ್ಕ. "ನನ್ನ ಲೆಕ್ಕ ಆಚೆಯೋರೂ ನಂಬಬೇಕಲ್ಲ."