ಓಲಾಳ ವರ್ಷದ ಜೀವನಾಂಶ

"ಅಡುಗೆಯವಳ ಮಗಳಿಗೆ ಮೈಜೆಲ್‌ಗಳ ಸ್ಮಶಾನದಲ್ಲಿ ಜಾಗ ಇಲ್ಲ ಕಣೋ. ಬೇಕಿದ್ರೆ ನಿನ್ನ ಟ್ರಕ್ಕಿನ ಹಿಂದೆ ಹಾಕ್ಕೊಂಡು ಓಡಾಡು," ಅಂದ ರಾಯ್ಸ್ ಮಾವ.

ಚರ್ಚಿನ ಹಿಂದೆ ಓಕ್ ಮರದ ಕೆಳಗೆ ಭಾನುವಾರದ ಊಟ ನಡೆದಿತ್ತು. ನಲವತ್ತು ಜನ ಇದ್ದರು. ಅವನ ಕೈಯಲ್ಲಿ ಹುರಿದ ಮೀನಿನ ತಟ್ಟೆ. ಮಾತು ಮುಗಿಸಿ ಮುಳ್ಳು ತೆಗೆಯುತ್ತಾ ಕೂತ, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ.

ನಾನು ಕೇಳಿದ್ದು ಇಷ್ಟೇ. ನನ್ನ ಅಜ್ಜಿ ವರ್ಡೆಲ್‌ಗೆ ಎಂಬತ್ತೈದು ವರ್ಷ. ಹಾಸಿಗೆ ಹಿಡಿದಿದ್ದಾಳೆ. ಇನ್ನು ತಿಂಗಳ ಲೆಕ್ಕ ಬೇಡ, ವಾರದ ಲೆಕ್ಕ ಇಟ್ಟುಕೊಳ್ಳಿ ಅಂತ ನರ್ಸಮ್ಮ ಹೇಳಿಹೋಗಿದ್ದಳು. ಅಜ್ಜಿಗೆ ಇದ್ದದ್ದು ಒಂದೇ ಆಸೆ, ಅವಳಪ್ಪ ಆಸಾ ಮೈಜೆಲ್‌ನ ಪಕ್ಕದಲ್ಲಿ ಮಲಗಬೇಕು. ಆ ಸ್ಮಶಾನಕ್ಕೆ ಮೂರು ಜನರ ಸಮಿತಿ ಇದೆ, ರಾಯ್ಸ್ ಅದರ ಅಧ್ಯಕ್ಷ. ಮೈಜೆಲ್ ರಕ್ತದವರು, ಕಾನೂನು ಪ್ರಕಾರ ಕೈಹಿಡಿದವರು, ಇಷ್ಟೇ ಜನಕ್ಕೆ ಅಲ್ಲಿ ಮಣ್ಣು.

ರಾಯ್ಸ್ ಹೇಳೋ ಕತೆಯಲ್ಲಿ ಆಸಾಗೆ ಮದುವೆಯೇ ಆಗಿರಲಿಲ್ಲ. ಓಲಾ ಅನ್ನೋ ನನ್ನ ಮುತ್ತಜ್ಜಿ ಅವನ ಮನೆಗೆ ಅಡುಗೆಗೆ ಬಂದವಳು, ಬರುವಾಗಲೇ ಬಸುರಿ. ಅಜ್ಜಿ ಹೇಳೋದು ಬೇರೆ. ಅಪ್ಪ ಅಮ್ಮ ಗಡಿ ದಾಟಿ ಫ್ಲಾರಿಡಾಕ್ಕೆ ಹೋಗಿ ಮದುವೆಯಾದರು, ಆ ಕಾಲದಲ್ಲಿ ದಕ್ಷಿಣ ಜಾರ್ಜಿಯಾದ ಅರ್ಧ ಜನ ಹಾಗೇ ಆಗುತ್ತಿದ್ದರು. ಯಾವ ಊರಲ್ಲಿ ಅಂತ ಅವಳಿಗೆ ಗೊತ್ತಿಲ್ಲ. ಇದ್ದ ಕಾಗದ ಮನೆ ಸುಟ್ಟಾಗ ಸುಟ್ಟುಹೋಯಿತು.

"ಕಾಗದ ಇದ್ರೆ ತಗೊಂಬಾ. ಮುಂದಿನ ಭಾನುವಾರ ಸಮಿತಿ ಸೇರುತ್ತೆ," ಅಂದ ರಾಯ್ಸ್. ಆಮೇಲೆ ಪಕ್ಕದವನ ಕಡೆ ತಿರುಗಿ, ಇವನಿಗೆ ಕಾಗದ ಓದೋಕಾದರೂ ಬರುತ್ತೋ ಇಲ್ಲವೋ ಅಂದ. ನಾಲ್ಕೈದು ಜನ ನಕ್ಕರು. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಛಾವಣಿ ಹಾಕೋ ಕೆಲಸದವನು, ಊರಿಗೆಲ್ಲ ಗೊತ್ತು. ಅವತ್ತು ಅವನ ಮೂಗು ಮುರಿಯದೆ ಬಂದೆನಲ್ಲ, ಅದು ಅಜ್ಜಿಯ ದೆಸೆಯಿಂದ. ಜಾಗ ಕೊಡಬೇಕಾದವನ ಮೂಗು ಅದು.

ಸೋಮವಾರ ಮಧ್ಯಾಹ್ನ ಮೇಸ್ತ್ರಿ ಹತ್ತಿರ ಅರ್ಧ ದಿನ ಕೇಳಿಕೊಂಡು ಕೌಂಟಿ ಕೋರ್ಟಿಗೆ ಹೋದೆ. ಬಾಗಿಲಲ್ಲಿ ಜೇಬು ಖಾಲಿ ಮಾಡು ಅಂದರು. ಒಂದು ಹಿಡಿ ಛಾವಣಿ ಮೊಳೆ ತಟ್ಟೆಗೆ ಬಿತ್ತು. ಕಾವಲಿನ ಪೊಲೀಸಿನವನು ನೋಡಿ, "ಕೋರ್ಟಿಗೆ ಛಾವಣಿ ಹಾಕೋಕೆ ಬಂದ್ಯಾ, ಕಿತ್ತಾಕೋಕಾ?" ಅಂದ. ನನಗೆ ನಗು ಬರಲಿಲ್ಲ.

ಸತ್ತವರ ಆಸ್ತಿ, ಉಯಿಲು ಎಲ್ಲ ನೋಡಿಕೊಳ್ಳೋ ಕೋರ್ಟು ಕೆಳಗಿನ ಮಹಡಿಯಲ್ಲಿ. ಮದುವೆ ಲೈಸೆನ್ಸಿಗೂ ಪಿಸ್ತೂಲಿನ ಲೈಸೆನ್ಸಿಗೂ ಅದೇ ಕಿಟಕಿ, ಅದಕ್ಕೇ ಸಾಲು ಉದ್ದ. ನನ್ನ ಸರದಿ ಬಂದಾಗ ಆಸಾ ಮೈಜೆಲ್‌ನ ಉಯಿಲು ಬೇಕು ಅಂದೆ. ಅದರಲ್ಲಿ ಹೆಂಡತಿ ಅಂತ ಓಲಾಳ ಹೆಸರಿರಬಹುದು ಅನ್ನೋದು ನನ್ನ ಲೆಕ್ಕ. ಕಿಟಕಿಯ ಹುಡುಗಿ ಕಂಪ್ಯೂಟರ್ ಒತ್ತಿ, ಇದರಲ್ಲಿ ಇರೋದು ತೊಂಬತ್ತರಿಂದ ಈಚಿನದು, ಹಳೇದು ದಾಖಲೆ ಕೋಣೆಯಲ್ಲಿದೆ, ನೀನೇ ನೋಡಿಕೋ ಅಂತ ಕೈ ತೋರಿಸಿದಳು. ಉಯಿಲಿನ ಸೂಚಿ ಪುಸ್ತಕ ಕಲ್ಲುಚಪ್ಪಡಿ ಇದ್ದಂಗಿತ್ತು. ಒಂದು ಗಂಟೆ ಬೆರಳಿಟ್ಟು ಓದಿದೆ. ಮೈಜೆಲ್‌ಗಳು ಹನ್ನೊಂದು ಜನ ಸಿಕ್ಕರು, ಆಸಾ ಮಾತ್ರ ಇಲ್ಲ. ಹುಡುಗಿಗೆ ಹೇಳಿದೆ. ಹಾಗಾದರೆ ಏನೂ ಇಲ್ಲ ಅಂದು ಹಿಂದಿನವರನ್ನು ಕರೆದಳು.

ನಾನು ಕಿಟಕಿಯ ಮರದ ಕಟ್ಟೆ ಮೇಲೆ ಅಂಗೈ ಬಡಿದೆ. ಜೋರಾಗೇ ಬಡಿದೆ.

"ಆ ಮರ ನಿಂಗೇನು ಮಾಡ್ತು ಮಗಾ?"

ಹಿಂದಿನ ಮೇಜಲ್ಲಿ ಒಬ್ಬ ಮುದುಕಿ ಬೇಯಿಸಿದ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ಅವಳೇ ಮಿಸ್ ಯೂನಿಸ್ ಪರ್ವಿಸ್. ಆ ಕಚೇರಿಯಲ್ಲಿ ನಲವತ್ತೊಂದು ವರ್ಷದಿಂದ ಗುಮಾಸ್ತೆ. ನ್ಯಾಯಾಧೀಶರು ಐದು ಜನ ಬಂದು ಹೋಗಿದ್ದಾರೆ, ಅವಳು ಕದಲಿಲ್ಲ. ಕೈ ಒರೆಸಿಕೊಂಡು ಎದ್ದು ಬಂದಳು. ಎಷ್ಟು ಕುಳ್ಳಿ ಅಂದರೆ ಕಟ್ಟೆಯ ಮೇಲೆ ಬರೀ ಕನ್ನಡಕ ಕಾಣುತ್ತಿತ್ತು.

ಯಾವ ಕಾಗದ ಬೇಕು ಅಂತ ಎಲ್ಲರೂ ಕೇಳಿದ್ದರು. ಇವಳು ಅದನ್ನು ಕೇಳಲೇ ಇಲ್ಲ. ಆಸಾ ಯಾವಾಗ ಸತ್ತ, ಏನಾಗಿ ಸತ್ತ ಅಂತ ಕೇಳಿದಳು. ಮೂವತ್ತೆಂಟರ ಅಕ್ಟೋಬರ್, ಮರದ ದಿಮ್ಮಿ ಉರುಳಿ, ಇಪ್ಪತ್ತೊಂಬತ್ತು ವರ್ಷಕ್ಕೇ ಅಂದೆ. ಮನೆಯಲ್ಲಿ ಯಾರಿದ್ದರು? ಹೆಂಡತಿ, ನಾಲ್ಕು ವರ್ಷದ ಮಗಳು. ಆ ಚಳಿಗಾಲ ಅವರು ಏನು ತಿಂದರು?

ನನಗೆ ರೇಗಿತು. ಅದು ನನಗೆ ಹೇಗೆ ಗೊತ್ತಿರಬೇಕು ಅಂದೆ.

"ನಿಂಗೆ ಗೊತ್ತಿರಲ್ಲ. ಕೋರ್ಟಿಗೆ ಗೊತ್ತಿರುತ್ತೆ," ಅಂದಳು. "ಎಲ್ರೂ ಬಂದು ಉಯಿಲು ಕೇಳ್ತಾರೆ, ಇಲ್ಲ ಅಂದ್ರೆ ಮನೆಗೆ ಹೋಗ್ತಾರೆ. ಇಪ್ಪತ್ತೊಂಬತ್ತು ವರ್ಷದವನು ದಿಮ್ಮಿ ಕೆಳಗೆ ಸಾಯೋಕೆ ಮುಂಚೆ ಉಯಿಲು ಬರೀತಾನಾ? ಸತ್ತವನು ಕೋರ್ಟಿಗೆ ಬಂದಿರಲ್ಲ ಮಗಾ. ಮಗು ಕಟ್ಕೊಂಡು ಉಳಿದವಳು ಬಂದಿರ್ತಾಳೆ. ಅವಳನ್ನ ಹುಡುಕು."

ಆಗ ವರ್ಷದ ಜೀವನಾಂಶ ಅನ್ನೋ ಪದ ಮೊದಲ ಸಲ ಕೇಳಿದೆ. ಗಂಡ ಸತ್ತರೆ ಅವನ ಸ್ವತ್ತಿನಲ್ಲಿ ಹೆಂಡತಿ ಮಕ್ಕಳಿಗೆ ಒಂದು ವರ್ಷ ಬದುಕೋಕೆ ಬೇಕಾದ್ದನ್ನು ಮೊದಲು ತೆಗೆದಿಡಬೇಕು, ಮಿಕ್ಕವರದ್ದೆಲ್ಲ ಆಮೇಲೆ. ಕೋರ್ಟು ಐದು ಜನ ನೆರೆಯವರನ್ನು ನೇಮಿಸುತ್ತೆ. ಅವರು ಮನೆಗೆ ಹೋಗಿ, ನೋಡಿ, ಪಟ್ಟಿ ಬರೆದು, ಪ್ರಮಾಣ ಮಾಡಿ ಸಹಿ ಹಾಕುತ್ತಾರೆ. ಇದು ಹೆಂಡತಿಗೆ ಮಾತ್ರ, ಅಡುಗೆಯವಳಿಗೆ ಯಾರೂ ಕೊಡಲ್ಲ ಅಂದಳು ಮಿಸ್ ಯೂನಿಸ್. ನಾನು ರಾಯ್ಸ್‌ನ ಮಾತನ್ನು ಅವಳಿಗೆ ಹೇಳಿರಲಿಲ್ಲ. ಊರಿನ ಊಟದ ಸುದ್ದಿ ಸೋಮವಾರದೊಳಗೆ ಆ ಕಟ್ಟೆ ಮುಟ್ಟಿತ್ತು.

ಜೀವನಾಂಶದ ಸೂಚಿ ಪುಸ್ತಕ ಬಾಗಿಲ ಹಿಂದಿನ ಗೂಡಿನಲ್ಲಿತ್ತು. ಉಯಿಲು ಕೇಳೋರ ಕಣ್ಣಿಗೆ ಅದು ಬೀಳೋದೇ ಇಲ್ಲ. ನನ್ನ ಕೈಲೇ ಇಳಿಸಿದಳು. ಬೆರಳು ಓಡಿಸಲಿಲ್ಲ, ಪುಟವನ್ನು ಒಮ್ಮೆ ಇಡಿಯಾಗಿ ನೋಡಿದಳು ಅಷ್ಟೇ. "ಹಾಂ, ಇಲ್ಲಿದಾಳೆ ನೋಡು ನಿಮ್ಮಮ್ಮಣ್ಣಿ." ಆಸಾ ಮೈಜೆಲ್, ಮೃತ. ಓಲಾ ಮೈಜೆಲ್, ವಿಧವೆ. ಆಜ್ಞೆ, ಫೆಬ್ರವರಿ ೧೯೩೯.

ವಿಧವೆ ಅನ್ನೋ ಪದವನ್ನು ಅಷ್ಟು ಖುಷಿಯಿಂದ ಯಾರೂ ಓದಿರಲಾರರು.

ನಕಲು ಕೊಡಿ ಅಂದೆ. ಅವಳು ಬೇಡ ಅಂತ ತಲೆಯಾಡಿಸಿದಳು. ಅದು ಒಂದು ಸಾಲು, ಒಂದು ಸಾಲನ್ನು ರಾಯ್ಸ್ ಮೈಜೆಲ್ ತಿಂದು ತೇಗುತ್ತಾನೆ. ಮೂಲ ಕಾಗದ ಬೇಕು, ಅದು ನೆಲಮಾಳಿಗೆಯ ಪೆಟ್ಟಿಗೆಯಲ್ಲಿದೆ, ಅದಕ್ಕೆ ಅರ್ಜಿ ಬರೆಯಬೇಕು. ಅರ್ಜಿಯಲ್ಲಿ 'ಆಸಾ ಮೈಜೆಲ್‌ಗೆ ಸೇರಿದ ಎಲ್ಲಾ ಕಾಗದ' ಅಂತ ಬರೆದೆ. ಅವಳು ಅದನ್ನು ಹರಿದು ಇನ್ನೊಂದು ಕೊಟ್ಟಳು. ಎಲ್ಲಾ ಅಂತ ಬರೆದರೆ ಕೆಳಗಿನವರು ಏನೂ ಇಲ್ಲ ಅಂತ ಬರೆದು ವಾಪಸ್ ಕಳಿಸುತ್ತಾರಂತೆ. ಯಾವ ಬಗೆಯ ದಾಖಲೆ, ಯಾರು ಕೇಳಿದ್ದು, ಯಾವ ವರ್ಷ, ಯಾವ ಪುಸ್ತಕ, ಯಾವ ಪುಟ, ಎಲ್ಲ ಬೇಕು. ಎರಡನೆಯದರಲ್ಲಿ ಪುಟ ತಪ್ಪು ಬರೆದೆ, ಅದೂ ಹೋಯಿತು. ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ, ಕಿಟಕಿಯ ಹುಡುಗಿ ಬೇರೆ ನೋಡುತ್ತಿದ್ದಳು. ನೀವೇ ಬರೆದುಬಿಡಿ ಅಂದೆ.

"ನಾನು ಬರೆದ್ರೆ ಅದು ನನ್ನ ಅರ್ಜಿ ಆಗುತ್ತೆ. ನಂಗೆ ಮೈಜೆಲ್‌ಗಳ ಸ್ಮಶಾನದಲ್ಲಿ ಜಾಗ ಬೇಡ, ಪುಕ್ಕಟೆ ಕೊಟ್ರೂ ಬೇಡ."

ಮೂರನೆಯದು ಬರೆದೆ. ಅವಳು ಮುದ್ರೆ ಒತ್ತಿ ಅರ್ಜಿಗಳ ಟ್ರೇಗೆ ಹಾಕಿದಳು. ಕರುಣೆ ತೋರಿಸಲಿಲ್ಲ, ಭೇಷ್ ಅನ್ನಲೂ ಇಲ್ಲ. ಶಾಲೆಯಲ್ಲಿ ಇಂಥ ಒಬ್ಬಳಿದ್ದಿದ್ದರೆ ನಾನು ಇನ್ನೆರಡು ವರ್ಷ ಕೂತಿರುತ್ತಿದ್ದೆ.

ಗುರುವಾರ ಬೆಳಿಗ್ಗೆ ಯಾರದೋ ಮನೆ ಮೇಲಿದ್ದಾಗ ಫೋನ್ ಬಂತು. ಕಿಟಕಿಯ ಹುಡುಗಿ. ಮೂವತ್ತೊಂಬತ್ತರ ಪೆಟ್ಟಿಗೆಯಲ್ಲಿ ಮೈಜೆಲ್ ಅನ್ನೋ ಕಾಗದವೇ ಇಲ್ಲ, ಕಳೆದುಹೋಗಿರಬೇಕು, ಅರ್ಜಿ ಮುಚ್ಚಿದ್ದೇವೆ ಅಂದಳು. ಸುತ್ತಿಗೆ ಎಸೆದೆ. ಅಂಗಳದಲ್ಲಿ ಮನೆಯವರ ನಾಯಿ ಎದ್ದು ಓಡಿತು. ಅಜ್ಜಿ ಎರಡು ದಿನದಿಂದ ಗಂಜಿ ಕೂಡ ಬಿಟ್ಟಿದ್ದಳು. ಕಣ್ಣು ತೆರೆದಾಗಲೆಲ್ಲ ಏನಾಯ್ತೋ ಅಂತ ಅವಳು ಕೇಳುತ್ತಿದ್ದಳು, ಆಗ್ತಾ ಇದೆ ಅಂತ ನಾನು ಹೇಳುತ್ತಿದ್ದೆ.

ಒಂದು ಗಂಟೆಗೆ ಮತ್ತೆ ಫೋನ್. ಈ ಸಲ ಮಿಸ್ ಯೂನಿಸ್, ಏದುಸಿರು ಬಿಡುತ್ತಿದ್ದಳು. ಊಟದ ಹೊತ್ತಿನಲ್ಲಿ ತಾನೇ ನೆಲಮಾಳಿಗೆಗೆ ಇಳಿದಿದ್ದಳಂತೆ, ಆ ನೋಯೋ ಮೊಣಕಾಲು ಇಟ್ಟುಕೊಂಡು. ಪುಸ್ತಕದಲ್ಲಿ ಇರೋದು ಆಜ್ಞೆ ಕೊಟ್ಟ ತಾರೀಖು. ಕಾಗದ ಪೆಟ್ಟಿಗೆಗೆ ಹೋಗೋದು ವಿಧವೆ ಅರ್ಜಿ ಕೊಟ್ಟ ವರ್ಷದ ಪ್ರಕಾರ. ಓಲಾ ಫೆಬ್ರವರಿಯವರೆಗೆ ಸುಮ್ಮನೆ ಕೂತಿರೋ ಹೆಂಗಸಲ್ಲ, ಡಿಸೆಂಬರ್‌ನಲ್ಲೇ ಬಂದಿರ್ತಾಳೆ ಅನ್ನಿಸಿ ಮೂವತ್ತೆಂಟರ ಪೆಟ್ಟಿಗೆ ತೆಗೆದಳಂತೆ. "ನಿಮ್ಮಮ್ಮಣ್ಣಿ ನಾನಂದುಕೊಂಡಂಗೇ ಇದಾಳೆ. ನಾಳೆ ಬಾ. ಕೈ ತೊಳ್ಕೊಂಡು ಬಾ."

ಕೈ ತೊಳೆದೇ ಹೋದೆ. ಛಾವಣಿ ಕೆಲಸದ ಡಾಂಬರು ಹೋಗಲಿಲ್ಲ. ಅದಕ್ಕೆ ಪುಟಗಳನ್ನು ಅವಳೇ ತಿರುಗಿಸಿದಳು, ನಾನು ಕೈ ಹಿಂದೆ ಕಟ್ಟಿಕೊಂಡು ಓದಿದೆ. ಮೂರು ಮಡಿಕೆ ಹಾಕಿ ದಾರ ಕಟ್ಟಿದ್ದ ಕಾಗದ, ಎಂಬತ್ತು ವರ್ಷ ಯಾರೂ ಬಿಚ್ಚಿರಲಿಲ್ಲ. ನಾನು ನಿಧಾನಕ್ಕೆ ಓದುತ್ತೇನೆ. ಅವಳು ಮುಂದಿನ ಸಾಲು ಹೇಳಿಕೊಡಲಿಲ್ಲ, ಕಾದಳು.

ಮೇಲೆ ಓಲಾಳ ಅರ್ಜಿ. ತಾನು ಆಸಾನ ಹೆಂಡತಿ, ವರ್ಡೆಲ್ ಆಸಾಗೆ ಹುಟ್ಟಿದ ಮಗಳು, ವಯಸ್ಸು ನಾಲ್ಕು. ಕೊನೆಗೆ ಸಹಿ ಅವಳದೇ, ಒತ್ತಿ ಒತ್ತಿ ಬರೆದದ್ದು. ಕೆಳಗೆ ಒಂದು ಸಾಲು: ಅರ್ಜಿದಾರಳು ಒಂಬತ್ತು ಮೈಲಿ ನಡೆದು ಬಂದಿರುವುದರಿಂದ ಇಂದೇ ಕೇಳಿಸಿಕೊಳ್ಳಲಾಯಿತು. ಆಮೇಲೆ ಐದು ಜನ ನೆರೆಯವರ ಪಟ್ಟಿ. ಒಂದು ಕಬ್ಬಿಣದ ಒಲೆ. ಒಂದು ಮಂಚ, ಹಾಸಿಗೆ ಸಮೇತ. ಕೊಂಬು ಮುರಿದ ಕೆಂಪು ಹಸು. ಹಂದಿ ಎರಡು. ನಲವತ್ತು ಬುಷೆಲ್ ಮೆಕ್ಕೆಜೋಳ. ಕಬ್ಬಿನ ಪಾಕ ಆರು ಡಬ್ಬಿ. ಹೊಲಿಗೆ ಯಂತ್ರ ಒಂದು. ಆ ಕೊನೆಯದನ್ನು ಗೆರೆ ಎಳೆದು ಹೊಡೆದುಹಾಕಿದ್ದರು. ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ಕಾರಣ ಬರೆದಿದ್ದರು: ಯಂತ್ರವು ಮೊದಲಿನಿಂದಲೂ ತನ್ನದೇ, ಸತ್ತವನದಲ್ಲ, ಆದ್ದರಿಂದ ಅದನ್ನು ತನಗೆ ಯಾರೂ ಕೊಡಬೇಕಾಗಿಲ್ಲ ಎಂದು ವಿಧವೆ ಹೇಳುತ್ತಾಳೆ.

ಮಿಸ್ ಯೂನಿಸ್ ನಕ್ಕಳು. ನಲವತ್ತೊಂದು ವರ್ಷದಲ್ಲಿ ಪಟ್ಟಿಗೆ ಸೇರಿಸಿ ಅಂತ ಜಗಳಾಡಿದವರನ್ನು ಕಂಡಿದ್ದಾಳೆ, ತೆಗೆದುಹಾಕಿ ಅಂದವಳನ್ನು ಇವಳೊಬ್ಬಳನ್ನೇ ನೋಡಿದ್ದು ಅಂದಳು. ನಾನು ನಗಲಿಲ್ಲ. ಚಳಿಗಾಲ, ಗಂಡ ಸತ್ತು ಎರಡು ತಿಂಗಳು, ಎದುರಿಗೆ ಐದು ಜನ ಗಂಡಸರು, ಕಂಕುಳಲ್ಲಿ ಮಗು. ಅಂಥ ಹೊತ್ತಲ್ಲಿ ಇದನ್ನು ಹೊಡೆದುಹಾಕಿ ಅಂದವಳ ರಕ್ತ ನನ್ನದು ಅಂತ ತಿಳಿಯೋಕೆ ನನಗೆ ಇಪ್ಪತ್ಮೂರು ವರ್ಷ ಬೇಕಾಯಿತು.

ಕೆಳಗೆ ಐದು ಸಹಿ. "ಕೊನೇದು ಓದು," ಅಂದಳು ಮಿಸ್ ಯೂನಿಸ್. ಎಲೈಜಾ ಮೈಜೆಲ್. ಆಸಾನ ಅಣ್ಣ. ರಾಯ್ಸ್ ಮಾವನ ತಾತ.

ಅವಳು ನಕಲು ತೆಗೆದು, ಕೊನೆಯ ಹಾಳೆಯನ್ನು ಕಬ್ಬಿಣದ ಮೊಹರಿನ ಬಾಯಿಗಿಟ್ಟು, ಹಿಡಿಯ ಮೇಲೆ ಮೈಭಾರವೆಲ್ಲ ಹಾಕಿ ಒತ್ತಿದಳು. ಕಾಗದದ ಮೇಲೆ ಕೌಂಟಿಯ ಮುದ್ರೆ ಉಬ್ಬಿತು. ನಿಮ್ಮ ಮನೆ ಛಾವಣಿ ಸೋರುತ್ತಾ ಅಂತ ಕೇಳಿದೆ. ಇಲ್ಲ, ಸೋರಿದಾಗ ಕರೀತೀನಿ ಅಂದು ಕಡಲೆಕಾಯಿಯ ಕಡೆ ಹೋದಳು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಸಮಿತಿ ಸೇರಿತು. ರಾಯ್ಸ್, ಎಂಬತ್ತು ದಾಟಿದ ಮಿಸ್ ಹ್ಯಾಟಿ ಲೂ, ಹಾರ್ಡ್‌ವೇರ್ ಅಂಗಡಿಯ ಕೋಯ್. ಬಾಗಿಲಲ್ಲಿ ಜನ ತುಂಬಿಕೊಂಡಿದ್ದರು. ನಾನು ಕಾಗದವನ್ನು ಮಿಸ್ ಹ್ಯಾಟಿ ಲೂ ಕೈಗೆ ಕೊಟ್ಟೆ. ಅವಳು ಟೋಪಿ ಸರಿಮಾಡಿಕೊಂಡು ಜೋರಾಗಿ ಓದಿದಳು, ಹಸುವನ್ನೂ ಪಾಕವನ್ನೂ ಬಿಡದೆ. ಹೊಲಿಗೆ ಯಂತ್ರಕ್ಕೆ ಬಂದಾಗ ಬಾಗಿಲಲ್ಲಿದ್ದ ಹೆಂಗಸರು ಹೂಂಗುಟ್ಟಿದರು.

ಇದು ಇನ್ಯಾವಳೋ ಓಲಾ ಇರಬೇಕು ಅಂದ ರಾಯ್ಸ್.

"ಓಲಾ ಬೇರೆ ಇರಬಹುದು ರಾಯ್ಸ್," ಅಂದ ಕೋಯ್. "ಆದರೆ ಎಲೈಜಾ ನಿಮ್ಮ ತಾತನೇ ಅಲ್ವಾ? ಅವರೇನು ಸುಳ್ಳು ಪ್ರಮಾಣ ಮಾಡಿದ್ರು ಅಂತೀಯಾ?"

ರಾಯ್ಸ್ ಕಾಗದ ಕೇಳಿ ತಗೊಂಡ. ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿದ. ತಾತನ ಸಹಿಯನ್ನು ತುಂಬಾ ಹೊತ್ತು ನೋಡಿದ. ಮಿಸ್ ಹ್ಯಾಟಿ ಲೂ ಕೈ ಎತ್ತಿದಳು, ಕೋಯ್ ಎತ್ತಿದ. ಅವನ ಕೈ ಏಳಲಿಲ್ಲ, ಏಳಬೇಕಾಗಿಯೂ ಇರಲಿಲ್ಲ. ಆಸಾನ ಎಡಕ್ಕೆ ವರ್ಡೆಲ್‌ಗೆ ಜಾಗ ಅಂತ ಮಿಸ್ ಹ್ಯಾಟಿ ಲೂ ಪುಸ್ತಕದಲ್ಲಿ ಬರೆದಳು. ಕೋಯ್ ಅಳತೆ ಟೇಪು ತಗೊಂಡು ನನ್ನ ಜೊತೆ ಬಂದ. ಇಬ್ಬರೂ ಸೇರಿ ನಾಲ್ಕು ಮೂಲೆಗೆ ಗೂಟ ಹೊಡೆದೆವು.

ಅಲ್ಲಿಂದ ಹೊರಗೆ ಬರುವಾಗ ರಾಯ್ಸ್ ಗೇಟಿನ ಹತ್ತಿರ ನಿಂತಿದ್ದ. ಸುತ್ತಲೂ ಅದೇ ಜನ.

"ಗೆದ್ದೆ ಅಂತ ಬೀಗಬೇಡ. ಮುಂದೆ ನಿಂಗೂ ಒಂದು ಜಾಗ ಬೇಕಾಗುತ್ತಲ್ಲ, ಆಗ ಯಾವ ಮುದುಕೀನ ಹಿಡ್ಕೊಂಡು ಬರ್ತೀಯಾ?"

ಬಾಯಲ್ಲಿ ಮಾತು ಬೇಕಾದಷ್ಟಿತ್ತು. ವಾರವಿಡೀ ಛಾವಣಿ ಮೇಲೆ ಕೂತು ಮಸೆದಿಟ್ಟ ಮಾತು. ಆದರೆ ನರ್ಸಮ್ಮ ಒಂದು ಗಂಟೆಗೆ ಹೊರಟುಬಿಡುತ್ತಾಳೆ, ಅಜ್ಜಿ ಎಚ್ಚರ ಇರೋದು ಆ ಹೊತ್ತಿಗೇ. ಜೇಬಿನಿಂದ ಟ್ರಕ್ಕಿನ ಕೀಲಿ ತೆಗೆದುಕೊಂಡು, ಅವನ ಪಕ್ಕದಿಂದಲೇ ಹಾದು ನಡೆದೆ.