ಹನೀಫೆಯ ಮಗ ಬಸ್ರಿ

ಹೊಗೆಸೊಪ್ಪಿನ ಅಂಟು ಸೋಪಿಗೆ ಬಗ್ಗುವುದಿಲ್ಲ. ಹಸಿ ಟೊಮೆಟೊ ಹಿಂಡಿ ಉಜ್ಜಿದರೆ ಅಷ್ಟಿಷ್ಟು ಬಿಡುತ್ತದೆ. ಜನವರಿಯ ಹಿಮದಲ್ಲಿ ಹಸಿ ಟೊಮೆಟೊ ಎಲ್ಲಿಂದ ತರುವುದು? ಜೆಕಿಯೆಯ ಕೈ ಕಪ್ಪಗೇ ಇತ್ತು. ಲಂಗ ಸರಿಯಾಗಿ ಕಟ್ಟಿಕೊಳ್ಳಲು ಬಾರದ ವಯಸ್ಸಿನಿಂದ ಎಲೆ ಬಿಡಿಸಿ, ಸೂಜಿಗೆ ಪೋಣಿಸಿ, ಒಣಗಿಸಿದ ಕೈ ಅದು. ಬಲ್ಗೇರಿಯದ ರೊಡೋಪಿ ಗುಡ್ಡದ ತುರ್ಕಿ ಹೆಂಗಸರಿಗೆಲ್ಲ ಅದೇ ಕೈ.

ಊರಿನ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ ದೋಬ್ರೆವ್ ಪ್ರತಿ ಮೇ ದಿನದಂದು ವೇದಿಕೆ ಹತ್ತಿ, "ನಮ್ಮ ತುರ್ಕಿ ಅಕ್ಕತಂಗಿಯರ ಚಿನ್ನದ ಕೈಗಳು" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಹೆಣ್ಣಾಳುಗಳ ಮುಂದಾಳಾದ ಜೆಕಿಯೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುತ್ತಿದ್ದಳು. ಪಾಪ, ನಂಬಿದ್ದಳು.

ಆ ಚಳಿಗಾಲ ಅದೇ ದೋಬ್ರೆವ್ ಅದೇ ವೇದಿಕೆಯಲ್ಲಿ ಬೇರೆ ರಾಗ ತೆಗೆದ. ಬಲ್ಗೇರಿಯದಲ್ಲಿ ತುರ್ಕರೇ ಇಲ್ಲವಂತೆ. ಇವರೆಲ್ಲ ಮೂಲದಲ್ಲಿ ಬಲ್ಗೇರಿಯನ್ನರೇ, ಹಿಂದೆ ಯಾರೋ ಬಲವಂತದಿಂದ ಧರ್ಮ ಬದಲಿಸಿದ್ದರಂತೆ. ಈಗ ಸಂತೋಷದಿಂದ ತಮ್ಮ ನಿಜವಾದ ಹೆಸರಿಗೆ ಮರಳುತ್ತಿದ್ದಾರಂತೆ. ಆ ಸಂತೋಷ ಎಷ್ಟಿತ್ತೆಂದರೆ, ಊರ ಬಾಯಿಗೆ ಟ್ಯಾಂಕು ನಿಲ್ಲಿಸಬೇಕಾಯಿತು. ಮಸೀದಿಗೆ ಬೀಗ ಬಿತ್ತು. ಬೀದಿಯಲ್ಲಿ ತುರ್ಕಿ ಮಾತಾಡಿದರೆ ದಂಡ ಬಿತ್ತು. ಗಂಡಸರನ್ನು ಸಾಲಾಗಿ ನಿಲ್ಲಿಸಿ ಹೊಸ ಹೆಸರು ಹಂಚಿದರು. ಹೊಗೆಸೊಪ್ಪಿನ ಷೆಡ್ಡಿನ ಹೆಂಗಸರು ಮಾತ್ರ ಸಹಿ ಹಾಕುವುದಿಲ್ಲವೆಂದು ಕೈಕಟ್ಟಿ ಕೂತರು.

ಒಂದು ಮಧ್ಯಾಹ್ನ ದೋಬ್ರೆವ್ ಜೆಕಿಯೆಯ ಮನೆಗೆ ಬಂದ. ಹಬ್ಬಗಳಲ್ಲಿ ಆ ಮನೆಯ ಬಕ್ಲಾವಾ ಸಿಹಿ ತಿಂದು ಬೆರಳು ಚೀಪಿದವನು ಅವನು. ಒಲೆಯ ಪಕ್ಕ ಜೆಕಿಯೆಯ ಅಪ್ಪ ಬಸ್ರಿ ಹಾಸಿಗೆ ಹಿಡಿದು ಮಲಗಿದ್ದ. ಮುದುಕನಿಗೆ ಇದ್ದದ್ದು ಒಂದೇ ಚಿಂತೆ. ಹೆಣ ಹೂಳಿದ ಮೇಲೆ ಎಲ್ಲರೂ ಹಿಂದೆ ಸರಿಯುತ್ತಾರೆ. ಮಸೀದಿಯ ಗುರು ಹೋಜಾ ಒಬ್ಬನೇ ಗೋರಿಯ ತಲೆಯ ಬಳಿ ನಿಂತು ಸತ್ತವನನ್ನು ತಾಯಿಯ ಹೆಸರು ಹಿಡಿದು ಕರೆಯುತ್ತಾನೆ. ದೇವದೂತರು ಬಂದು ಕೇಳಿದರೆ ಹೆದರಬೇಡ, ಹೀಗೆ ಉತ್ತರ ಕೊಡು ಎಂದು ಹೇಳಿಕೊಡುತ್ತಾನೆ.

"ಬೇರೆ ಹೆಸ್ರು ಹಿಡ್ದು ಕರೆದ್ರೆ ನಾನು ಓಗೊಡಲ್ಲ ಮಗಾ," ಎಂದು ಬಸ್ರಿ ಮಗಳಿಗೆ ಹೇಳುತ್ತಿದ್ದ. "ಪಕ್ಕದ ಗೋರಿಯೋನ್ನ ಕರೀತಾವ್ರೆ ಅಂದ್ಕೊಂಡು ಮಗ್ಗುಲು ಬದಲಾಯಿಸ್ಕೊಂಡು ಮಲಗ್ಬಿಡ್ತೀನಿ."

ದೋಬ್ರೆವ್‌ಗೆ ಇದು ಗೊತ್ತಿತ್ತು. ಸಭೆಯಲ್ಲಿ ಜೆಕಿಯೆ ನಾಲ್ಕು ಮಾತಾಡಲಿ, ಹೊಸ ಹೆಸರನ್ನು ಸ್ವಂತ ಇಷ್ಟದಿಂದ ಪಡೆದೆ ಎನ್ನಲಿ, ಉಳಿದ ಹೆಂಗಸರು ತಾವಾಗಿ ಬರುತ್ತಾರೆ ಎಂದ.

"ನಿಮ್ಮಪ್ಪನ ಹೆಸ್ರು ಯಾರೂ ಮುಟ್ಟಲ್ಲ ತಂಗಿ. ಮುದುಕ ಇದ್ದ ಹಾಗೇ ಹೋಗ್ಲಿ. ನಾನು ಮಾತು ಕೊಟ್ಟಿದೀನಿ."

ಜೆಕಿಯೆ ಮಾತಾಡಿದಳು. ಅವರು ಬರೆದುಕೊಟ್ಟದ್ದನ್ನು ತಲೆ ಎತ್ತದೆ ಓದಿದಳು. ವೇದಿಕೆ ಇಳಿಯುವಾಗ ಅವಳ ಹೆಸರು ಝ್ಲಾಟ್ಕಾ ಆಗಿತ್ತು. ಮಾರನೆಯ ದಿನ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಸಹಿ ಹಾಕಿದರು. ಕೊನೆಗೆ ಹೋದವಳು ಪಕ್ಕದ ಮನೆಯ ಫಿಕ್ರಿಯೆ. ಬರುವ ದಾರಿಯಲ್ಲಿ ಜೆಕಿಯೆಯ ಹೊಸ್ತಿಲ ಮುಂದೆ ನಿಂತು, "ನಿಮ್ಮಪ್ಪ ಒಬ್ಬನಿಗೋಸ್ಕರ ನಮ್ಮನ್ನೆಲ್ಲ ಮಾರ್ಕೊಂಡ್ಯಲ್ಲೇ," ಎಂದು ಉಗಿದು ಹೋದಳು. ಆಮೇಲೆ ಷೆಡ್ಡಿನಲ್ಲಿ ಯಾರೂ ಅವಳ ಪಕ್ಕ ಕೂರಲಿಲ್ಲ.

ಫೆಬ್ರವರಿಯಲ್ಲಿ ಬಸ್ರಿ ತೀರಿಕೊಂಡ.

ಗೋರಿಯ ಹತ್ತಿರ ಹೆಂಗಸರು ಹೋಗುವ ಪದ್ಧತಿ ಇಲ್ಲ. ಆದರೆ ದೋಬ್ರೆವ್ ಹೇಳಿಕಳಿಸಿದ: ಇದು ಹೊಸ ಕಾಲ, ಗಂಡಸರು ಹೆಂಗಸರು ಎಲ್ಲರೂ ಬರಬೇಕು, ಪತ್ರಿಕೆಯವರು ಫೋಟೊ ತೆಗೆಯುತ್ತಾರೆ. ಹೆಂಗಸರೂ ಹಿಮ ತುಳಿಯುತ್ತಾ ಬಂದರು. ಪಟ್ಟಣದಿಂದ ಬಂದ ಪೊಲೀಸರು ಜೀಪಿನ ಬಳಿ ಸಿಗರೇಟು ಸೇದುತ್ತಾ ನಿಂತಿದ್ದರು.

ಮಣ್ಣು ಮುಚ್ಚಿದ ಮೇಲೆ ಇಬ್ಬರು ಆಳುಗಳು ಒಂದು ಹಲಗೆ ತಂದು ನೆಟ್ಟರು. ಅದರ ಮೇಲೆ ಬೋರಿಸ್ ಎಂದು ಬರೆದಿತ್ತು.

ಜೆಕಿಯೆ ಹಲಗೆ ನೋಡಿದಳು, ದೋಬ್ರೆವ್‌ನನ್ನು ನೋಡಿದಳು. ಅವನಾಗಲೇ ಭಾಷಣ ಶುರುಮಾಡಿದ್ದ. ನಮ್ಮ ಪ್ರೀತಿಯ ಬೋರಿಸ್ ಅಜ್ಜ, ಒಂದೇ ರಕ್ತ, ಒಂದೇ ದೇಶ, ಒಂದೇ ಕುಟುಂಬ. ಮೇ ದಿನದ ಅದೇ ಗಂಟಲು.

ಭಾಷಣ ಮುಗಿದ ಕೂಡಲೇ ಅವಳು ಅವನ ತೋಳು ಹಿಡಿದಳು. "ಮಾತು ಕೊಟ್ಟಿದ್ರಿ ನೀವು."

"ಯಾವ ಮಾತು?" ದೋಬ್ರೆವ್ ತಗ್ಗಿದ ದನಿಯಲ್ಲಿ ಹೇಳಿದ. "ನೀನು ವೇದಿಕೆ ಹತ್ತಿದ ದಿನವೇ ಅವನ ಹೆಸರೂ ಬದಲಾಯ್ತು. ಊರಿಗೆಲ್ಲ ಒಂದು ಕಾನೂನು, ನಿನ್ನ ಮನೆಗೊಂದು ಕಾನೂನು ಇರುತ್ತಾ? ಸುಮ್ನೆ ಫೋಟೊಕ್ಕೆ ನಿಂತ್ಕೊ."

ಅಂದರೆ ಅಪ್ಪ ಒಲೆಯ ಪಕ್ಕ ನಗುತ್ತಾ ಮಲಗಿದ್ದಾಗಲೇ ಬೋರಿಸ್ ಆಗಿದ್ದ. ಇವಳು ಊರನ್ನು ಕೊಟ್ಟು ಕೊಂಡದ್ದು ಬರೀ ಗಾಳಿ.

ಜನ ಹಿಂದೆ ಸರಿದರು. ಶಾಕಿರ್ ಹೋಜಾ ಗೋರಿಯ ತಲೆಯ ಬಳಿ ನಿಂತ. ಪೊಲೀಸರನ್ನು ನೋಡಿದ. ದನಿ ಹೊರಡಲಿಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದರು. ತಲೆ ತಗ್ಗಿಸಿ ಅವನೂ ಹಿಂದೆ ಸರಿದ.

ಜೆಕಿಯೆ ಹೋಗಿ ಅವನು ನಿಂತಿದ್ದ ಜಾಗದಲ್ಲಿ ನಿಂತಳು. ಹೆಣ್ಣು ಅಲ್ಲಿ ನಿಲ್ಲಬಾರದೆಂದು ಅವಳಿಗೂ ಗೊತ್ತಿತ್ತು. ತುರ್ಕಿಯಲ್ಲಿ, ತಾಯಿ ಕಲಿಸಿದ ಮಾತಿನಲ್ಲಿ, ಗಟ್ಟಿಯಾಗಿ ಕರೆದಳು.

"ಹನೀಫೆಯ ಮಗ ಬಸ್ರಿ, ಕೇಳಪ್ಪಾ."

ದೋಬ್ರೆವ್ ಅವಳ ಬಾಯಿ ಮುಚ್ಚಿಸಿ ಎಂದು ಪೊಲೀಸರಿಗೆ ಕೈ ಬೀಸಿದ. ಅಷ್ಟರಲ್ಲಿ ಹೆಂಗಸರ ಗುಂಪಿನಿಂದ ಫಿಕ್ರಿಯೆ ಮುಂದೆ ಬಂದು ಜೆಕಿಯೆಯ ಪಕ್ಕ ನಿಂತಳು. ಅವಳ ಮುಖ ನೋಡಲಿಲ್ಲ.

"ನಿನಗೋಸ್ಕರ ಅಲ್ಲ ಕಣೇ," ಎಂದಳು. "ನಿಂದು ಆಮೇಲೆ ವಿಚಾರಿಸ್ಕೊತೀನಿ." ಎಂದವಳು ತಾನೂ ಕರೆದಳು: ಹನೀಫೆಯ ಮಗ ಬಸ್ರಿ.

ಆಮೇಲೆ ಷೆಡ್ಡಿನ ಹೆಂಗಸರೆಲ್ಲ ಕರೆದರು. ಗಂಡಸರು ಕರೆದರು. ಹೋಜಾ ಅಳುತ್ತಾ ಕರೆದ. ಫೋಟೊದವನು ಕ್ಯಾಮೆರಾ ಕೆಳಗಿಳಿಸಿದ.

ಪೊಲೀಸ್ ಅಧಿಕಾರಿ ಗುಂಪಿನೊಳಗೆ ನುಗ್ಗಿದ. ಹೊಸಬ, ಯಾರ ಗುರುತೂ ಇಲ್ಲದವನು. ಅವನಿಗೆ ಒಂದೇ ಥರದ ಕಪ್ಪು ಕೈಗಳು ಕಂಡವು, ಒಂದೇ ಥರದ ತಲೆವಸ್ತ್ರಗಳು ಕಂಡವು.

"ಮೊದಲು ಕೂಗಿದ್ದು ಯಾರು?"

"ಝ್ಲಾಟ್ಕಾ," ಎಂದ ದೋಬ್ರೆವ್.

"ಝ್ಲಾಟ್ಕಾ, ಮುಂದೆ ಬಾ."

ಯಾರೂ ಅಲುಗಲಿಲ್ಲ. ಅವನು ಮತ್ತೆ ಕರೆದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಂಥೋಳು ಯಾರೂ ನಮ್ಮೂರಲ್ಲಿಲ್ಲ ಸ್ವಾಮಿ," ಎಂದಳು ಫಿಕ್ರಿಯೆ. "ಬೇರೆ ಊರೋಳಿರ್ಬೇಕು, ವಿಚಾರ್ಸಿ."

ಅಧಿಕಾರಿ ಕೆಂಡವಾಗಿ ದೋಬ್ರೆವ್‌ನತ್ತ ತಿರುಗಿ, ಇವರಲ್ಲಿ ಯಾರು ಎಂದು ಗದರಿದ. ದೋಬ್ರೆವ್ ಗಾಬರಿಯಲ್ಲಿ ಬೆರಳು ಚಾಚಿದ.

"ಅವಳೇ, ಅಲ್ಲಿ, ಜೆಕಿಯೆ. ಬಸ್ರಿಯ ಮಗಳು ಜೆಕಿಯೆ."

"ಹೂಂ," ಎಂದಳು ಜೆಕಿಯೆ. "ನಾನೇ." ಎಂದು ತಾನಾಗಿ ನಡೆದು ಹೋಗಿ ಜೀಪು ಹತ್ತಿದಳು.