ಶಾಲೆಗೆ ಐದು ನಿಮಿಷ

ಒಂಬತ್ತು ತಿಂಗಳ ಮಗ ಕೆಂಪು ಬಣ್ಣದ ಡಬ್ಬಿಗೆ ಕೈ ಅದ್ದಿದ. ಆ ಕೈಯನ್ನು ಗೋಡೆಗೆ ಒತ್ತಿದ, ಆಮೇಲೆ ಅಕ್ಕನ ಕೆನ್ನೆಗೆ ಒತ್ತಿದ. ಇನ್ನೇನು ಬಾಯಿಗೆ ಇಡಬೇಕು, ಅಷ್ಟರಲ್ಲಿ ಅಮ್ಮ ಹೊಲಿಗೆ ಯಂತ್ರ ಬಿಟ್ಟು ಹಾರಿ ಬಂದು ಹಿಡಿದಳು.

“ರೀ, ಇದು ಮನೆನೋ ಬಣ್ಣದ ಅಂಗಡಿನೋ? ಇನ್ನೆರಡು ತಿಂಗಳಿಗೆ ಇವನು ನಡೀತಾನೆ. ಎಲ್ಲಿ ನಡೀಬೇಕು, ನಿಮ್ಮ ಡಬ್ಬಿ ಮೇಲಾ?”

ತಪ್ಪೇನೂ ಇಲ್ಲ ಆ ಮಾತಿನಲ್ಲಿ. ಇದ್ದದ್ದು ಒಂದೇ ಕೋಣೆ. ಒಲೆ, ಹಾಸಿಗೆ, ಹೊಲಿಗೆ ಯಂತ್ರ, ಒಂದನೇ ಕ್ಲಾಸಿನ ಮಗಳ ಪುಸ್ತಕ, ಅಪ್ಪನ ಹದಿನಾಲ್ಕು ಡಬ್ಬಿ, ಒಂದು ಏಣಿ, ಎಲ್ಲವೂ ಅದರಲ್ಲೇ. ಅಪ್ಪ ಬೋರ್ಡು ಬರೆಯುವ ಪೇಂಟರ್. ಅವನ ಅಕ್ಷರ ಅಂದರೆ ಅಕ್ಷರ. ಹಲ್ಲಿನ ಡಾಕ್ಟರಿಂದ ಹಿಡಿದು ಟೈರು ಅಂಗಡಿವರೆಗೆ ಊರೆಲ್ಲ ಅವನ ಕೈಬರಹವೇ.

“ಮನೆ ನೋಡಿ ಆಗಿದೆ ಮಾರಾಯ್ತಿ. ಹೊಸ ಬಡಾವಣೆ. ಮೂರು ಕೋಣೆ, ಮುಂದೆ ಒಂದಿಷ್ಟು ಅಂಗಳ. ಬುಧವಾರದೊಳಗೆ ಹೂಂ ಅನ್ನಬೇಕು, ಅಷ್ಟೆ.”

“ಶಾಲೆ?”

“ಐದು ನಿಮಿಷ.”

“ಯಾರನ್ನಾದ್ರೂ ವಿಚಾರಿಸಿದ್ರಾ?”

“ವಿಚಾರಿಸದೆ ಇರ್ತೀನಾ? ನನ್ನನ್ನೇನು ಅಷ್ಟು ದಡ್ಡ ಅಂದ್ಕೊಂಡ್ಯಾ?”

ವಿಚಾರಿಸಿರಲಿಲ್ಲ. ಭಾನುವಾರ ಗೆಳೆಯನ ಬೈಕಿನ ಹಿಂದೆ ಕೂತು ಹೋಗಿದ್ದ. ಖಾಲಿ ರಸ್ತೆ, ತಂಪು ಗಾಳಿ. ಮನೆ ನೋಡಿ ಮನಸ್ಸು ತುಂಬಿ ವಾಪಸು ಬಂದಿದ್ದ. ಹೆಂಡತಿಯನ್ನು ಕರೆದುಕೊಂಡು ಹೋಗಬೇಕು ಅಂತ ಹೊಳೆದೇ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಏಣಿ ಹೊತ್ತು ಹೊರಡುವವನು ಅವನು. ಮಗುವನ್ನು ಸೊಂಟಕ್ಕೇರಿಸಿ ಮಗಳನ್ನು ಶಾಲೆಗೆ ಬಿಡುವವಳು ಅವಳು. ನಡೆಯುವ ಕಾಲು ಒಬ್ಬರದು, ಒಪ್ಪುವ ತಲೆ ಇನ್ನೊಬ್ಬರದು.

ಸೋಮವಾರ ಮಧ್ಯಾಹ್ನ ಪೇಂಟರ್ ಊಟಕ್ಕೆ ಬಂದಿದ್ದಾಗ ಸೂಜಿ ಅಕ್ಕ ಬಂದಳು. ಲಸಿಕೆ ಹಾಕುವ ನರ್ಸು ಅವಳು. ಹೆಗಲಿಗೆ ತಣ್ಣನೆಯ ಪೆಟ್ಟಿಗೆ ನೇತುಹಾಕಿಕೊಂಡು ಬಡಾವಣೆಯಿಂದ ಬಡಾವಣೆಗೆ ಸುತ್ತುತ್ತಾಳೆ. ಮಕ್ಕಳು ಇಟ್ಟ ಹೆಸರನ್ನೇ ದೊಡ್ಡವರೂ ಕರೆಯುತ್ತಾರೆ. ಮಗನಿಗೆ ಚುಚ್ಚಿದಳು, ಅವನು ಅತ್ತ, ಅವನ ಮೂಗು ಒರೆಸಿದಳು.

“ಮುಂದಿನ ಸಲ ಇವನಿಗೆ ಎಲ್ಲಿ ಚುಚ್ಚಬೇಕೋ, ಅಕ್ಕ. ನಾವು ಹೊಸ ಬಡಾವಣೆಗೆ ಹೋಗ್ತಿದೀವಿ,” ಅಂದಳು ಹೆಂಡತಿ.

ಸೂಜಿ ಅಕ್ಕ ಪೆಟ್ಟಿಗೆ ಮುಚ್ಚುತ್ತಿದ್ದವಳು ತಲೆ ಎತ್ತಿದಳು. “ಹೋಗಿ ನೋಡಿದ್ಯಾ?”

“ಇವರು ನೋಡಿದಾರೆ. ಭಾನುವಾರ.”

“ಭಾನುವಾರ ಯಾವ ಬಡಾವಣೆನೂ ಮದುಮಗಳ ಥರಾನೇ ಇರುತ್ತೆ ಕಣೇ. ನಾಳೆ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಹೋಗಿ. ಆಗ ಅದು ಇನ್ನೂ ಮುಖ ತೊಳೆದಿರಲ್ಲ.”

ಪೇಂಟರ್‌ಗೆ ಸಿಟ್ಟು ಬಂತು. “ಅಕ್ಕ, ನೀವು ಸೂಜಿ ಹಿಡಿಯೋರು. ಮನೆ ವಿಷಯ ನಿಮಗೇನು ಗೊತ್ತು?”

“ನನಗೇನೂ ಗೊತ್ತಿಲ್ಲಪ್ಪ. ನಿಮ್ಮ ಮಗಳ ಕಾಲಿಗೆ ಗೊತ್ತಾಗುತ್ತೆ. ಅವಳ ಬೆನ್ನಿಗೆ ಚೀಲ ಹಾಕಿ, ಆ ಮನೆ ಬಾಗಿಲಿಂದ ಶಾಲೆ ಬಾಗಿಲವರೆಗೆ ನಡೆಸಿ. ಗಡಿಯಾರ ನೋಡ್ಕೊಳ್ಳಿ. ದಾರಿಯಲ್ಲಿ ಸಿಕ್ಕ ಹೆಂಗಸರನ್ನ ಮಾತಾಡಿಸಿ. ಮನೆ ತೋರಿಸೋ ಮ್ಯಾನೇಜರ್‌ನ ಅಲ್ಲ, ನೀರು ಹಿಡಿಯೋರನ್ನ.”

“ಐದು ನಿಮಿಷಕ್ಕೆ ಇಷ್ಟೆಲ್ಲ ಯಾಕೆ?”

“ಐದು ಅಂತ ಅಳೆದವರು ಯಾರು?”

“ಬೋರ್ಡಲ್ಲಿ ಇದೆ.”

“ಬೋರ್ಡು ಬರೆದವರು ಯಾರು?”

ಪೇಂಟರ್ ಬೆರಳ ಬಣ್ಣ ಕೆರೆದುಕೊಳ್ಳತೊಡಗಿದ. ಬರೆದವನು ಅವನೇ.

ಎಂಟು ತಿಂಗಳ ಹಿಂದೆ, ದೊಡ್ಡ ರಸ್ತೆಯ ಮೂಲೆಯಲ್ಲಿ, ಎರಡಾಳು ಎತ್ತರದ ಬೋರ್ಡು. ಹಳದಿ ಮೇಲೆ ನೀಲಿ ಅಕ್ಷರ, ಪಕ್ಕದಲ್ಲಿ ಬಲೂನು ಹಿಡಿದ ಮಗು. ಮ್ಯಾನೇಜರ್ ಕೊಟ್ಟ ಚೀಟಿಯಲ್ಲಿ ‘ಶಾಲೆಗೆ’ ಅಂತ ಇತ್ತು, ‘ನಿಮಿಷ’ ಅಂತ ಇತ್ತು, ನಡುವೆ ಖಾಲಿ. ಏಣಿ ಮೇಲಿಂದಲೇ ಫೋನು ಮಾಡಿದ್ದ. “ಎಷ್ಟು ಜಾಗ ಉಳಿದಿದೆ?” ಅಂತ ಕೇಳಿದ್ದ ಮ್ಯಾನೇಜರ್. ಪೇಂಟರ್ ಬಲೂನನ್ನು ಚೆಂದ ಕಾಣಲಿ ಅಂತ ಹಿಗ್ಗಿಸಿಬಿಟ್ಟಿದ್ದ. “ಎರಡಕ್ಷರಕ್ಕೆ, ಸಾರ್.” “ಹಾಗಾದ್ರೆ ಐದು ಅಂತ ಹಾಕು.” ಹಾಕಿದ್ದ.

ಆಮೇಲೆ ದಿನಾ ಆ ದಾರಿಯಲ್ಲಿ ಓಡಾಡಿದ. ದಿನಾ ಓದಿದ. ಎಂಟು ತಿಂಗಳು ಓದಿದ್ದು ಸುಳ್ಳು ಅನ್ನಿಸುವುದು ಹೇಗೆ? ತನ್ನ ಕೈಯಿಂದ ಬಿದ್ದ ಅಕ್ಷರವನ್ನು ತಾನೇ ನಂಬಿಕೊಂಡಿದ್ದ.

ಈಗಲೂ ಅದನ್ನು ಹೆಂಡತಿಗೆ ಹೇಳಲಿಲ್ಲ. “ಆಯ್ತು, ನಾಳೆ ಹೋಗೋಣ,” ಅಂದ.

ಮಂಗಳವಾರ ಎಂಟಕ್ಕೆ ನಾಲ್ವರೂ ಹೊಸ ಬಡಾವಣೆಯಲ್ಲಿದ್ದರು. ಮನೆ ನಿಜಕ್ಕೂ ಚೆನ್ನಾಗಿತ್ತು. ಮಗ ಒಂದು ಕೋಣೆಯಿಂದ ಇನ್ನೊಂದಕ್ಕೆ ಅಂಬೆಗಾಲಿಟ್ಟು ಹೋದ, ತಿರುಗಿ ಬಂದ, ಮತ್ತೆ ಹೋದ. ಹೆಂಡತಿಯ ಮುಖದಲ್ಲಿ ಬೆಳಕು. “ಯಂತ್ರ ಈ ಕಿಟಕಿ ಹತ್ತಿರ ಹಾಕ್ಬಹುದು, ಅಲ್ವಾ?” ಪೇಂಟರ್‌ಗೆ ಆಸೆ ಹುಟ್ಟಿತು. ಇಲ್ಲಿಗೇ ಸಾಕು ಮಾಡಿದರೆ? ನಡೆಯದೆ ವಾಪಸು ಹೋದರೆ?

“ಅಪ್ಪ, ಶಾಲೆಗೆ ಹೋಗೋದು ಯಾವಾಗ? ಸೂಜಿ ಅಕ್ಕ ಹೇಳಿದಾರಲ್ಲ,” ಅಂದಳು ಮಗಳು. ಚೀಲ ಬೆನ್ನ ಮೇಲೇ ಇತ್ತು.

ಹೊರಟರು. ಮೊದಲ ಐದು ನಿಮಿಷದಲ್ಲಿ ಬಡಾವಣೆಯೇ ಮುಗಿಯಲಿಲ್ಲ. ಹತ್ತು ನಿಮಿಷಕ್ಕೆ ಕಾಲುದಾರಿ ಮುಗಿದು ಮಣ್ಣು ಶುರುವಾಯಿತು. ಹದಿನಾರನೆಯ ನಿಮಿಷಕ್ಕೆ ದೊಡ್ಡ ರಸ್ತೆ ಬಂತು. ಬೆಳಿಗ್ಗೆ ಆರಕ್ಕೆ ಅವನು ಓಡಾಡುವಾಗಲೂ, ಭಾನುವಾರ ಬೈಕಿನಲ್ಲಿ ಹೋದಾಗಲೂ ಈ ರಸ್ತೆ ಖಾಲಿ ಇತ್ತು. ಈಗ ಲಾರಿ ಹಿಂದೆ ಲಾರಿ. ದಾಟಲು ದೀಪವಿಲ್ಲ, ಪಟ್ಟೆಯಿಲ್ಲ, ಪೊಲೀಸಿಲ್ಲ.

ಅಲ್ಲಿ ಐದಾರು ತಾಯಂದಿರು ಮಕ್ಕಳ ಕೈ ಹಿಡಿದು ನಿಂತಿದ್ದರು. ಬಿಸಿಲು ತಪ್ಪಿಸಿಕೊಳ್ಳಲು ಒಂದು ದೊಡ್ಡ ಬೋರ್ಡಿನ ನೆರಳಲ್ಲಿ. ಹಳದಿ ಮೇಲೆ ನೀಲಿ ಅಕ್ಷರ. ಬಲೂನು ಹಿಡಿದ ಮಗು.

ಪೇಂಟರ್ ತಲೆ ತಗ್ಗಿಸಿದ.

“ಹೊಸಬ್ರಾ?” ಹಸಿರು ಛತ್ರಿ ಹಿಡಿದ ಹೆಂಗಸೊಬ್ಬಳು ಮಾತಾಡಿಸಿದಳು. ಅವಳ ಎರಡೂ ಪಕ್ಕ ಒಂದೊಂದು ಮಗು. “ಮಗಳ ಕೈ ಗಟ್ಟಿ ಹಿಡ್ಕೊಳ್ಳಿ. ಎಲ್ಲರೂ ಒಟ್ಟಿಗೆ ದಾಟ್ತೀವಿ. ಒಬ್ಬೊಬ್ಬರೇ ಹೋದ್ರೆ ಲಾರಿಯವನು ಲೆಕ್ಕಕ್ಕೇ ಇಟ್ಕೊಳ್ಳಲ್ಲ.”

“ಇಲ್ಲಿಂದ ಶಾಲೆ ಇನ್ನೆಷ್ಟು ದೂರ?” ಹೆಂಡತಿ ಕೇಳಿದಳು.

“ಬೋರ್ಡಿನ ಪ್ರಕಾರ ಆಗ್ಲೇ ಹೋಗಿ ಸೇರಿರ್ಬೇಕಿತ್ತು.” ತಾಯಂದಿರು ನಕ್ಕರು. ದಿನಾ ನಗುವ ಹಳೆಯ ತಮಾಷೆ ಅದು. “ಇನ್ನೂ ಅರ್ಧ ಗಂಟೆ ಇದೆ ಕಣಮ್ಮ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತಾರಲ್ಲ, ದೂರದ ಶಾಲೆ ಬೋರ್ಡಿಗೆ ನುಣ್ಣಗೆ.”

“ಮೊದಲೇ ನೋಡಿರ್ಲಿಲ್ವಾ?”

“ಎಲ್ಲಿ ನೋಡೋದು? ನಮ್ಮವರು ಈ ಬೋರ್ಡು ಓದ್ಕೊಂಡು ಬಂದ್ರು. ನೋಡಿ, ಎಷ್ಟು ಮುದ್ದಾಗಿ ಬರೆದಿದಾನೆ. ಇಷ್ಟು ಚೆಂದ ಬರೆಯೋನು ಸುಳ್ಳು ಬರೀತಾನಾ ಅಂದ್ಕೊಂಡ್ವಿ. ನನ್ನ ಚಿಕ್ಕವನು ಇಲ್ಲಿ ಕಾಯ್ತಾ ಕಾಯ್ತಾ ಈ ಬೋರ್ಡಲ್ಲೇ ಓದೋದು ಕಲಿತ.”

ಪೇಂಟರ್‌ನ ಮಗಳು ಕತ್ತು ಹಿಂದಕ್ಕೆ ಬಾಗಿಸಿ ಬೋರ್ಡು ನೋಡುತ್ತಿದ್ದಳು. ಅವಳ ಮುಖ ಹೆಮ್ಮೆಯಿಂದ ಊದಿಕೊಂಡಿತು.

“ಅದು ನಮ್ಮಪ್ಪ ಬರೆದಿದ್ದು.”

ತಾಯಂದಿರೆಲ್ಲ ಅವನ ಕಡೆ ತಿರುಗಿದರು. ಒಂದು ಲಾರಿ ಹೋಯಿತು. ಇನ್ನೊಂದು ಹೋಯಿತು. ನೆಲ ಬಾಯಿ ಬಿಟ್ಟಿದ್ದರೆ ಪೇಂಟರ್ ಏಣಿ ಇಲ್ಲದೆಯೇ ಇಳಿದುಬಿಡುತ್ತಿದ್ದ.

ಬೈದಿದ್ದರೆ ಚೆನ್ನಾಗಿತ್ತು. ಛತ್ರಿಯ ಹೆಂಗಸು ಬೈಯಲಿಲ್ಲ. ಅವನ ಬೆರಳ ಸಂದಿಯ ಬಣ್ಣ ನೋಡಿದಳು.

“ಅಣ್ಣ, ಬರೆಯೋಕೆ ಮುಂಚೆ ಈ ದಾರೀಲಿ ನಡೆದಿದ್ರಾ?”

“ಇಲ್ಲ.”

“ಹೂಂ,” ಅಂದಳು. ಅಷ್ಟೆ. ಆಮೇಲೆ ಛತ್ರಿ ಮಡಚಿ ಕಂಕುಳಿಗಿಟ್ಟು, ಬಿಡುವಾದ ಕೈಯಲ್ಲಿ ಅವನ ಮಗಳ ಕೈ ಹಿಡಿದಳು. “ಬಾ ಪುಟ್ಟಿ, ಈಗ ಸಂದು ಸಿಕ್ತು.” ಎಲ್ಲರೂ ಓಡಿದರು. ಪೇಂಟರ್ ಕೊನೆಗೆ ಓಡಿದ.

ಶಾಲೆ ತಲುಪುವ ಹೊತ್ತಿಗೆ ಮಗಳು ಅವನ ಹೆಗಲ ಮೇಲಿದ್ದಳು. ಚಪ್ಪಲಿಯ ಬಾರು ಕಿತ್ತಿತ್ತು. ಗಂಟೆ ಹೊಡೆದು ಗೇಟು ಹಾಕಿದ್ದರು. ಕಾವಲುಗಾರ ಗಡಿಯಾರ ನೋಡದೆಯೇ, “ಹೊಸ ಬಡಾವಣೆಯವ್ರಾ?” ಅಂತ ಕೇಳಿ ಗೇಟು ತೆಗೆದ. ನಲವತ್ತಮೂರು ನಿಮಿಷ.

ಗೇಟಿನ ಪಕ್ಕದ ಕಟ್ಟೆಯ ಮೇಲೆ ಹೆಂಡತಿ ಮಗನನ್ನು ಇಳಿಸಿ ಸೊಂಟ ಹಿಡಿದು ಕೂತಳು.

“ಯಾರನ್ನ ವಿಚಾರಿಸಿದ್ರಿ, ರೀ?”

ಇನ್ನು ಮುಚ್ಚಿಡಲು ಏನಿತ್ತು? ಎಲ್ಲ ಹೇಳಿದ. ಬೈಕು, ಚೀಟಿ, ಬಲೂನು, ಎರಡಕ್ಷರದ ಜಾಗ. ಹೇಳುತ್ತಾ ಮಗಳ ಚಪ್ಪಲಿಯನ್ನು ನೋಡುತ್ತಿದ್ದ.

ಅವಳು ಆ ಚಪ್ಪಲಿಯನ್ನು ಕೈಗೆತ್ತಿಕೊಂಡಳು. “ಎರಡಕ್ಷರಕ್ಕೆ ಮಾತ್ರ ಜಾಗ ಇತ್ತು,” ಅಂದಳು. “ನಾನು, ನನ್ನ ಎರಡು ಮಕ್ಕಳು, ಅದ್ರಲ್ಲಿ ಹಿಡಿಸ್ಲಿಲ್ಲ, ಅಲ್ವಾ.”

ಬುಧವಾರ ಅವನು ಮ್ಯಾನೇಜರ್ ಹತ್ತಿರ ಹೋಗಿ ಮನೆ ಬೇಡ ಅಂದ. ನಿಂತೇ ಇದ್ದ. “ಸಾರ್, ಬೋರ್ಡಲ್ಲಿ ಐದು ಅಳಿಸಿ ನಲವತ್ತು ಅಂತ ಬರೀತೀನಿ. ಬಲೂನು ಸಣ್ಣದು ಮಾಡ್ತೀನಿ. ಕೂಲಿ ಬೇಡ.”

ಮ್ಯಾನೇಜರ್ ನಕ್ಕ. “ಅಕ್ಷರ ನಿಂದು, ವಿಷಯ ನಂದು. ಪೇಂಟರ್ ಪೇಂಟರ್ ಥರ ಇರಬೇಕಪ್ಪ.”

“ಹಾಗಾದ್ರೆ ಇನ್ಮೇಲೆ ಅಕ್ಷರಕ್ಕೂ ಬೇರೆಯವರನ್ನ ನೋಡ್ಕೊಳ್ಳಿ,” ಅಂತ ಹೇಳಿ ಬಂದ. ಧೈರ್ಯದ ಮಾತೇ. ಆದರೂ ಮನಸ್ಸು ಹಗುರಾಗಲಿಲ್ಲ. ಬೋರ್ಡು ಅಲ್ಲೇ ನಿಂತಿತ್ತು, ಇನ್ನಷ್ಟು ಜನ ಓದುತ್ತಿದ್ದರು.

ಮುಂದಿನ ಮನೆ ಹುಡುಕಿದ್ದು ಹೆಂಡತಿ. ಹಳೆಯ ಗಿರಣಿಯ ಹಿಂದಿನ ಬಡಾವಣೆ. ಎರಡೇ ಕೋಣೆ, ಒಂದು ಕಡೆ ಗಾರೆ ಉದುರಿದೆ. ಅವರು ಅಲ್ಲಿಗೆ ಮೂರು ಸಲ ಹೋದರು. ಬೆಳಿಗ್ಗೆ ಮಗಳ ಜೊತೆ ನಡೆದರು. ಹನ್ನೊಂದು ನಿಮಿಷ, ದಾಟಲು ಒಂದೇ ಸಣ್ಣ ರಸ್ತೆ. ದೀಪ ಹಚ್ಚುವ ಹೊತ್ತಿಗೆ ಹೋಗಿ ಬೀದಿದೀಪ ಎಣಿಸಿದರು. ಮಳೆ ಬಂದ ಮರುದಿನ ಹೋಗಿ ನೀರು ಎಲ್ಲಿ ನಿಲ್ಲುತ್ತದೆ ಅಂತ ನೋಡಿದರು. ನಲ್ಲಿ ಹತ್ತಿರ ಒಬ್ಬ ಅಜ್ಜಿ, “ನೀರು ಬರುತ್ತೆ, ಡಾಕ್ಟರೂ ಬರ್ತಾರೆ, ಎದುರುಮನೆಯವನ ಗೊರಕೆನೂ ಬರುತ್ತೆ,” ಅಂದಳು. ಗೊರಕೆಗೆ ಒಪ್ಪಿಕೊಂಡು ಮನೆ ಹಿಡಿದರು.

ಆದರೆ ಪೇಂಟರ್‌ಗೆ ಆ ಬೋರ್ಡನ್ನು ಮರೆಯಲಾಗಲಿಲ್ಲ. ಸೂಜಿ ಅಕ್ಕ ಬಂದಾಗ ಅವಳ ಮುಖ ನೋಡದೆ ಕೇಳಿದ: “ಅಕ್ಕ, ಹೊಸ ಬಡಾವಣೆ ಬಸ್ ಸ್ಟಾಪಿನ ಎದುರು ನಿಮ್ಮ ಆರೋಗ್ಯ ಕೇಂದ್ರದ ಗೋಡೆ ಖಾಲಿ ಇದೆ. ಸಿಗಬಹುದಾ?”

ಅವಳು ಡಾಕ್ಟರನ್ನು ಕೇಳಿ ಕೊಡಿಸಿದಳು. ಈ ಸಲ ಅವನು ಬ್ರಷ್ ಮುಟ್ಟುವ ಮೊದಲು ನಾಲ್ಕು ದಿನ ನಡೆದ. ಛತ್ರಿಯ ಹೆಂಗಸಿನ ಮಕ್ಕಳ ಹಿಂದೆ, ಅವರ ಹೆಜ್ಜೆಗೆ ಹೆಜ್ಜೆ ಇಟ್ಟು. ಚಿತ್ರ ಬರೆಯಲಿಲ್ಲ. ಗೋಡೆ ತುಂಬ ಅಕ್ಷರವೇ.

‘ಇಲ್ಲಿಂದ ಶಾಲೆಗೆ ಮಗುವಿನ ಕಾಲಿನಲ್ಲಿ ನಲವತ್ತಮೂರು ನಿಮಿಷ. ನಡುವೆ ಲಾರಿ ರಸ್ತೆ, ದಾಟಲು ದೀಪವಿಲ್ಲ. ನೀರು ದಿನ ಬಿಟ್ಟು ದಿನ. ಡಾಕ್ಟರು ಗುರುವಾರ ಮಾತ್ರ. ಕೊನೆಯ ಬಸ್ಸು ಏಳೂವರೆಗೆ. ಮನೆ ಚೆನ್ನಾಗಿದೆ. ಎಲ್ಲ ನೋಡಿ ಆಮೇಲೆ ಬನ್ನಿ.’

ಕೊನೆಯ ಸಾಲು ಮುಗಿಸುವಾಗ ಹಿಂದೆ ಹಸಿರು ಛತ್ರಿ ನಿಂತಿತ್ತು. ಅವಳ ಚಿಕ್ಕ ಮಗ ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದ.

“ಸರಿ ಇದೆಯಾ, ಅಕ್ಕ?” ಪೇಂಟರ್ ಏಣಿ ಮೇಲಿಂದ ಕೇಳಿದ. ತಿರುಗಿ ನೋಡಲಿಲ್ಲ.

“ಸರಿ ಇದೆ. ಎಂಟೊಂಬತ್ತು ತಿಂಗಳು ತಡವಾಯ್ತು,” ಅಂದಳು ಅವಳು. ಛತ್ರಿ ಮಡಚಿ ಮಗನ ಕೈಗೆ ಕೊಟ್ಟು ಹೇಳಿದಳು: “ಇಳೀರಿ, ಏಣಿ ಹಿಡ್ಕೊಂಡಿದೀನಿ.”

ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳನ್ನು ಕಟ್ಟಿಕೊಂಡು ಹೊಸ ಬಡಾವಣೆಗೆ ಹೊರಟಿದ್ದೀರಾ? ಹೂಂ ಅನ್ನುವ ಮುಂಚೆ ಒಂದು ಕೆಲಸದ ದಿನ ಅಲ್ಲಿಗೆ ಹೋಗಿ. ದಿನಾ ನಡೆಯಬೇಕಾದವರನ್ನು ಕರೆದುಕೊಂಡು ಹೋಗಿ. ಶಾಲೆಗೆ, ಡಾಕ್ಟರ ಹತ್ತಿರಕ್ಕೆ, ಬಸ್ಸಿಗೆ ನಿಮ್ಮ ಕಾಲಿನಲ್ಲೇ ನಡೆದು ನೋಡಿ. ಕತ್ತಲಾದ ಮೇಲೆ ಒಂದು ಸಲ, ಮಳೆ ಬಂದ ಮೇಲೆ ಒಂದು ಸಲ. ಅಲ್ಲಿ ಬದುಕುವವರನ್ನು ಕೇಳಿ, ನಾಚಿಕೆ ಬೇಡ. ಕೇಳದೆ ಹೋಗಿ ಆಮೇಲೆ ಪಡುವ ನಾಚಿಕೆ ಇದಕ್ಕಿಂತ ದೊಡ್ಡದು, ಬೇಕಿದ್ದರೆ ಪೇಂಟರ್‌ನನ್ನು ಕೇಳಿ.

ಬೋರ್ಡು ನಿಂತಲ್ಲೇ ನಿಂತಿರುತ್ತದೆ. ನಡೆಯಬೇಕಾದದ್ದು ನಿಮ್ಮ ಮಗು.